ಸೊನ್ನೆಯನ್ನು ಕಾಯ್ದ ಸಿಪಾಯಿ



ಮೊದಲು ಮೂರು ಸಾಲುಗಳನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

1956, ಮೆಲ್ಬರ್ನ್: ಭಾರತ 1, ಪಾಕಿಸ್ತಾನ 0.
1960, ರೋಮ್: ಪಾಕಿಸ್ತಾನ 1, ಭಾರತ 0.
1964, ಟೋಕಿಯೊ: ಭಾರತ 1, ಪಾಕಿಸ್ತಾನ 0.

ಇವು ಒಲಿಂಪಿಕ್ ಕ್ರೀಡಾಕೂಟದ ಪುರುಷರ ಹಾಕಿಯಲ್ಲಿ ಸಾಲಾಗಿ ನಡೆದ ಮೂರು ಫೈನಲ್ ಪಂದ್ಯಗಳ ಫಲಿತಾಂಶಗಳು. ಆಗ ಒಂದು ಪಂದ್ಯದ ಅವಧಿ 70 ನಿಮಿಷ. ಮೂರು ಪಂದ್ಯ ಸೇರಿ 210 ನಿಮಿಷ. ಅಷ್ಟು ಹೊತ್ತಿನಲ್ಲಿ ಎರಡೂ ಕಡೆಯಿಂದ ಬಂದ ಗೋಲುಗಳು ಒಟ್ಟು ಮೂರೇ ಮೂರು. ಅವುಗಳಲ್ಲಿ ಭಾರತದ ಗೂಡಿಗೆ ಬಿದ್ದದ್ದು ಒಂದೇ ಒಂದು.

ಈ ಮೂರೂ ಫೈನಲ್‌ಗಳಲ್ಲಿ ಭಾರತದ ಗೋಲಿನ ಮುಂದೆ ನಿಂತಿದ್ದವರು ಒಬ್ಬರೇ. ಅವರ ಹೆಸರು ಶಂಕರ್ ಲಕ್ಷ್ಮಣ್. ಮರಾಠಾ ಲಘು ಪದಾತಿ ದಳದ ಸಿಪಾಯಿ. ಆ ದಳದ ಕೇಂದ್ರ ನಿಮ್ಮ ಜಿಲ್ಲೆಯ ಬೆಳಗಾವಿ ನಗರದಲ್ಲಿದೆ. ಚಿಕ್ಕೋಡಿಯಿಂದಲೋ ನಿಪ್ಪಾಣಿಯಿಂದಲೋ ಬೆಳಗಾವಿಗೆ ಹೋದವರು ಕ್ಯಾಂಪ್ ಪ್ರದೇಶದಲ್ಲಿ ಕವಾಯತು ಮಾಡುವ ಜವಾನರನ್ನು ಒಮ್ಮೆಯಾದರೂ ನೋಡಿರುತ್ತೀರಿ. ಆದರೆ ಮೂರು ಒಲಿಂಪಿಕ್ ಫೈನಲ್‌ಗಳ ಕಥೆ ಆ ದಳಕ್ಕೂ ಸೇರಿದ್ದು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಗೊತ್ತಿಲ್ಲದಿದ್ದರೆ ಅದಕ್ಕೊಂದು ಕಾರಣವಿದೆ. ಇತಿಹಾಸವೆಂದರೆ ನಡೆದದ್ದನ್ನು ಬರೆದಿಡುವುದು. ಗೋಲು ಹೊಡೆದವನ ಹೆಸರು ನಿಮಿಷದ ಸಮೇತ ದಾಖಲೆಗೆ ಸೇರುತ್ತದೆ. ಗೋಲು ತಡೆದವನ ಕೆಲಸವೋ, ನಡೆಯಬೇಕಾದದ್ದು ನಡೆಯದಂತೆ ನೋಡಿಕೊಳ್ಳುವುದು. ದಾಖಲೆಯಲ್ಲಿ ಅವನ ಪಾಲಿಗೆ ಬರುವುದು ಒಂದು ಸೊನ್ನೆ, ಅದೂ ಎದುರಾಳಿಯ ಹೆಸರಿನ ಮುಂದೆ. ಆ ಸೊನ್ನೆಯನ್ನು ಓದುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ದಂಡಿನ ಮೈದಾನದಿಂದ ಒಲಿಂಪಿಕ್ಸ್‌ಗೆ

ಈಗಿನ ರೂಪದ ಹಾಕಿ ಆಟ ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷ್ ಸೇನೆಯ ಜೊತೆಗೆ. ದಂಡಿನ ಊರುಗಳಲ್ಲಿ ಸೈನಿಕರು ಆಡುತ್ತಿದ್ದ ಆಟವನ್ನು ನಮ್ಮ ಸಿಪಾಯಿಗಳು ಕಲಿತರು, ಬಹಳ ಬೇಗ ಗುರುವನ್ನು ಮೀರಿಸಿದರು. ಕಲ್ಕತ್ತಾದಲ್ಲಿ ಬೈಟನ್ ಕಪ್ ಪಂದ್ಯಾವಳಿ ಆರಂಭವಾದದ್ದು 1895ರಲ್ಲಿ. ಧ್ಯಾನ್‌ಚಂದ್ ಸಿಪಾಯಿಯಾಗಿ ಸೇನೆಗೆ ಸೇರಿದ್ದು 1922ರಲ್ಲಿ, ಹದಿಹರೆಯದಲ್ಲಿ. ಅವರು ಹಾಕಿಯನ್ನು ಶಿಸ್ತಾಗಿ ಕಲಿತದ್ದು ಪಲ್ಟನ್ನಿನ ಮೈದಾನದಲ್ಲಿ.

ಅದೇ 1922ರಲ್ಲಿ ಮರಾಠಾ ದಳದ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಯಾಯಿತು. ಈ ದಳದ ಅತ್ಯಂತ ಹಳೆಯ ಪಲ್ಟನ್ 1768ರಷ್ಟು ಹಿಂದಿನದು. ಅಂದರೆ ಅದಕ್ಕೆ ಎರಡೂವರೆ ಶತಮಾನಕ್ಕೂ ಹೆಚ್ಚಿನ ವಯಸ್ಸು.

ಭಾರತ ಮೊದಲ ಬಾರಿಗೆ ಒಲಿಂಪಿಕ್ ಹಾಕಿಯಲ್ಲಿ ಆಡಿದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಜೈಪಾಲ್ ಸಿಂಗ್ ತಂಡದ ನಾಯಕ, ಧ್ಯಾನ್‌ಚಂದ್ ಮುಂಚೂಣಿಯ ಆಟಗಾರ. ಆ ಕೂಟದಲ್ಲಿ ಭಾರತ ಹೊಡೆದ ಗೋಲುಗಳು 29. ಬಿಟ್ಟುಕೊಟ್ಟದ್ದು ಒಂದೂ ಇಲ್ಲ. ಧ್ಯಾನ್‌ಚಂದ್ ಹೆಸರು ನಿಮಗೆಲ್ಲ ಗೊತ್ತು. ಅವರ ಹುಟ್ಟುಹಬ್ಬವಾದ ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ. ಆದರೆ ಆ ಸೊನ್ನೆಯನ್ನು ಕಾಯ್ದ ಗೋಲ್‌ಕೀಪರ್ ರಿಚರ್ಡ್ ಅಲೆನ್ ಹೆಸರನ್ನು ಎಲ್ಲಾದರೂ ಕೇಳಿದ್ದೀರಾ?

ಅಲ್ಲಿಂದ 1956ರವರೆಗೆ ನಡೆದ ಆರು ಒಲಿಂಪಿಕ್ ಕೂಟಗಳಲ್ಲೂ ಹಾಕಿಯ ಚಿನ್ನ ಭಾರತದ್ದೇ. ಎರಡನೆಯ ಮಹಾಯುದ್ಧದಿಂದಾಗಿ 1940 ಮತ್ತು 1944ರಲ್ಲಿ ಕೂಟಗಳೇ ನಡೆಯಲಿಲ್ಲ. 1947ರಲ್ಲಿ ದೇಶ ಇಬ್ಭಾಗವಾದಾಗ ಹಾಕಿಯೂ ಇಬ್ಭಾಗವಾಯಿತು. 1936ರಲ್ಲಿ ಭಾರತದ ಪರ ಆಡಿದ್ದ ಅಲಿ ದಾರಾ 1948ರಲ್ಲಿ ಪಾಕಿಸ್ತಾನ ತಂಡದ ನಾಯಕರಾಗಿದ್ದರು. ಒಂದೇ ಗರಡಿಯಲ್ಲಿ ಪಳಗಿದವರು ಎದುರು ಬದುರಾಗಿ ನಿಂತಂತೆ. ಮುಂದಿನ ಫೈನಲ್‌ಗಳಲ್ಲಿ ಒಂದು ಗೋಲಿಗೂ ಅಷ್ಟು ಬರಗಾಲ ಏಕಿತ್ತು ಎಂಬುದಕ್ಕೆ ಇದೂ ಒಂದು ಕಾರಣ. ಎರಡು ತಂಡಗಳೂ ಒಂದೇ ಪಾಠ ಓದಿದ್ದವು.

ಬ್ಯಾಂಡ್ ಹುಡುಗ

ಶಂಕರ್ ಲಕ್ಷ್ಮಣ್ ಹುಟ್ಟಿದ್ದು 1933ರ ಜುಲೈ 7ರಂದು, ಈಗಿನ ಮಧ್ಯಪ್ರದೇಶದ ಮಹೂ ಎಂಬಲ್ಲಿ. ಅದೂ ಬೆಳಗಾವಿಯಂತೆ ದಂಡಿನ ಊರು. ಡಾ. ಬಿ.ಆರ್. ಅಂಬೇಡ್ಕರ್ ಹುಟ್ಟಿದ್ದೂ ಅಲ್ಲೇ. ಅವರ ತಂದೆ ಸೇನೆಯಲ್ಲಿದ್ದರು. 1947ರಲ್ಲಿ, ಹದಿನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ, ಶಂಕರ್ ಸೇನೆಯ ಬ್ಯಾಂಡಿಗೆ ಸೇರಿದರು. ಅಂದರೆ ಬಂದೂಕಿಗಿಂತ ಮೊದಲು ಅವರು ಕೈಗೆತ್ತಿಕೊಂಡದ್ದು ವಾದ್ಯ. ನೀವು ಒಂಬತ್ತನೆಯ ತರಗತಿಯಲ್ಲಿ ಕೂತಿರುವ ವಯಸ್ಸು ಅದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶಂಕರ್ ಲಕ್ಷ್ಮಣ್ ಬೆಳಗಾವಿಯಲ್ಲಿ ಹುಟ್ಟಿದವರಲ್ಲ. ಬೆಳಗಾವಿಗೆ ಅವರ ಮೇಲಿರುವ ಹಕ್ಕು ದಳದ ಮೂಲಕ ಬಂದದ್ದು. ಗಡಿ ಭಾಗದ ವಿದ್ಯಾರ್ಥಿಗಳಾದ ನಿಮಗೆ ‘ಇವರು ಯಾರವರು?’ ಎಂಬ ಪ್ರಶ್ನೆ ಹೊಸದಲ್ಲ. ಹುಟ್ಟಿದ್ದು ಮಧ್ಯ ಭಾರತದಲ್ಲಿ, ದಳದ ಹೆಸರು ಮರಾಠಾ, ದಳದ ಕೇಂದ್ರ ಕರ್ನಾಟಕದಲ್ಲಿ, ಎದೆಯ ಮೇಲಿದ್ದ ಹೆಸರು ಭಾರತ. ಇಂಥವರನ್ನು ಒಂದೇ ಊರಿನ ಲೆಕ್ಕಕ್ಕೆ ಬರೆದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ. ಬೆಳಗಾವಿಯವರೇ ಆದ ಬಂಡು ಪಾಟೀಲ ಕೂಡ 1964ರ ಚಿನ್ನದ ತಂಡದಲ್ಲಿದ್ದರು ಎಂಬುದನ್ನು ಇದರ ಜೊತೆಗೇ ನೆನಪಿಡಿ.

ಒಬ್ಬ ಬಡ ಹುಡುಗನಿಗೆ ಆ ಕಾಲದಲ್ಲಿ ಸೇನೆ ಏನು ಕೊಡುತ್ತಿತ್ತು? ಹೊಟ್ಟೆ ತುಂಬ ಊಟ. ದಿನಾ ಬೆಳಿಗ್ಗೆ ಮೈ ಬೆವರುವ ಕವಾಯತು. ಸಮತಟ್ಟಾದ ಮೈದಾನ. ಸ್ಟಿಕ್ಕು, ಚೆಂಡು, ಬೂಟು. ಎಲ್ಲಕ್ಕಿಂತ ಮುಖ್ಯವಾಗಿ, ಆಡಲು ಬಿಡುವು ಮತ್ತು ಆಟಗಾರನಿಗೆ ಮರ್ಯಾದೆ. ಕಂಪನಿಗೆ ಕಂಪನಿ, ಪಲ್ಟನ್ನಿಗೆ ಪಲ್ಟನ್ ಪೈಪೋಟಿ ನಡೆದು, ಚೆನ್ನಾಗಿ ಆಡಿದವನು ಮೇಲಕ್ಕೇರುತ್ತ ಸರ್ವಿಸಸ್ ತಂಡ ಸೇರುತ್ತಿದ್ದ. ಅಲ್ಲಿಂದ ದೇಶದ ತಂಡಕ್ಕೆ ಒಂದೇ ಮೆಟ್ಟಿಲು.

ಇದನ್ನು ನಿಮ್ಮ ಪಕ್ಕದ ಇನ್ನೊಂದು ಕಥೆಯೊಂದಿಗೆ ಹೋಲಿಸಿ ನೋಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಕಂಚು ಗೆದ್ದ ಖಾಶಾಬಾ ಜಾಧವ್ ಓದಿದ್ದು ಕೊಲ್ಹಾಪುರದ ರಾಜಾರಾಂ ಕಾಲೇಜಿನಲ್ಲಿ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ಅವರು. ಅವರ ಪ್ರಯಾಣದ ಖರ್ಚಿಗೆ ಊರವರು, ಹಿತೈಷಿಗಳು ಹಣ ಕೂಡಿಸಬೇಕಾಯಿತು. ಕುಸ್ತಿ ಒಬ್ಬನ ಆಟ; ಊರು ಮನಸ್ಸು ಮಾಡಿದರೆ ಒಬ್ಬನನ್ನು ಕಳಿಸಬಹುದು. ಹಾಕಿಗೆ ಹನ್ನೊಂದು ಮಂದಿ, ಒಂದು ಮೈದಾನ, ಹತ್ತಾರು ವರ್ಷಗಳ ಏರ್ಪಾಡು ಬೇಕು. ಆ ಏರ್ಪಾಡು ಇದ್ದದ್ದು ಸೇನೆ, ರೈಲ್ವೆ, ಪೊಲೀಸ್‌ನಂಥ ಸಂಸ್ಥೆಗಳಲ್ಲಿ ಮತ್ತು ಕೆಲವು ನಗರಗಳಲ್ಲಿ ಮಾತ್ರ.

ಐದು ವಾರಗಳ ಅಂತರ

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ, ಚಂದಗಡ ತಾಲೂಕನ್ನು ಬಿಟ್ಟು, ಬೊಂಬಾಯಿ ರಾಜ್ಯದಿಂದ ಆಗಿನ ಮೈಸೂರು ರಾಜ್ಯಕ್ಕೆ ಸೇರಿತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನ ಹೊಸ ರಾಜ್ಯದ ನಕ್ಷೆಯಲ್ಲಿ ತಮ್ಮ ಊರು ಹುಡುಕುತ್ತಿದ್ದ ದಿನಗಳವು. ಸರಿಯಾಗಿ ಐದು ವಾರಗಳ ನಂತರ, ಡಿಸೆಂಬರ್ 6ರಂದು, ಮೆಲ್ಬರ್ನ್‌ನಲ್ಲಿ ಹಾಕಿ ಫೈನಲ್ ನಡೆಯಿತು.

ಆ ಕೂಟದಲ್ಲಿ ಭಾರತದ ಲೆಕ್ಕ ನೋಡಿ. ಅಫ್ಘಾನಿಸ್ತಾನದ ಮೇಲೆ 14-0, ಅಮೆರಿಕದ ಮೇಲೆ 16-0, ಸಿಂಗಪುರದ ಮೇಲೆ 6-0, ಸೆಮಿಫೈನಲ್‌ನಲ್ಲಿ ಜರ್ಮನಿಯ ಮೇಲೆ 1-0, ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 1-0. ಒಟ್ಟು ಹೊಡೆದದ್ದು 38, ಬಿಟ್ಟದ್ದು ಸೊನ್ನೆ. ತಂಡದಲ್ಲಿ ಇಬ್ಬರು ಗೋಲ್‌ಕೀಪರ್‌ಗಳಿದ್ದರು: ಅನುಭವಿ ರಂಗನಾಥನ್ ಫ್ರಾನ್ಸಿಸ್ ಮತ್ತು 23ರ ಹರೆಯದ ಶಂಕರ್ ಲಕ್ಷ್ಮಣ್. ಫೈನಲ್‌ನ ಜವಾಬ್ದಾರಿ ಬಂದದ್ದು ಕಿರಿಯನ ಹೆಗಲಿಗೆ. ನಾಯಕ ಬಲ್ಬೀರ್ ಸಿಂಗ್ ಕೈಬೆರಳು ಮುರಿದಿದ್ದರೂ ಆಡಿದರು. ರಣಧೀರ್ ಸಿಂಗ್ ಜೆಂಟಲ್ ದ್ವಿತೀಯಾರ್ಧದಲ್ಲಿ ಒಂದು ಗೋಲು ಹೊಡೆದರು. ಉಳಿದ ಹೊತ್ತೆಲ್ಲ ಅದನ್ನು ಕಾಯಬೇಕಾಗಿತ್ತು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. 16-0 ಎಂಬಲ್ಲಿಯ ಸೊನ್ನೆಯೂ 1-0 ಎಂಬಲ್ಲಿಯ ಸೊನ್ನೆಯೂ ಒಂದೇ ಅಲ್ಲ. ಮೊದಲನೆಯದರಲ್ಲಿ ಗೋಲ್‌ಕೀಪರ್ ಒಂದು ತಪ್ಪು ಮಾಡಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ಎರಡನೆಯದರಲ್ಲಿ ಒಂದು ತಪ್ಪಾದರೆ ಚಿನ್ನವೇ ಕೈತಪ್ಪಬಹುದು. ಅಂಕಿಗಳನ್ನು ಓದುವಾಗ ಅವುಗಳ ಅಕ್ಕಪಕ್ಕವನ್ನೂ ಓದಬೇಕು.

ಅರ್ಧ ಸೆಕೆಂಡಿನ ಗಣಿತ

ವಿಜ್ಞಾನ ಓದಿದವನಾದ್ದರಿಂದ ನನಗೆ ಇಲ್ಲಿ ಸ್ವಲ್ಪ ಲೆಕ್ಕ ಮಾಡದೆ ಮುಂದೆ ಹೋಗಲು ಮನಸ್ಸಿಲ್ಲ. ಪೆನ್ಸಿಲ್ ತೆಗೆದುಕೊಳ್ಳಿ.

ಹಾಕಿ ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ಗೋಲಿನ ಮುಂದಿರುವ ವೃತ್ತದ ತ್ರಿಜ್ಯ 14.63 ಮೀಟರ್, ಈ ವೃತ್ತದ ಒಳಗಿನಿಂದ ಹೊಡೆದರೆ ಮಾತ್ರ ಗೋಲು. ಚೆಂಡಿನ ತೂಕ 156ರಿಂದ 163 ಗ್ರಾಂ, ಹೆಚ್ಚು ಕಡಿಮೆ ಕ್ರಿಕೆಟ್ ಚೆಂಡಿನಷ್ಟೇ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಕೈಯಲ್ಲಿ ಹದವಾದ ಚರ್ಮ ಎಷ್ಟು ಗಟ್ಟಿಯಾಗಿರುತ್ತದೆ ಎಂಬುದು ನಿಮಗೆ ಗೊತ್ತು. ಅಂದಿನ ಹಾಕಿ ಚೆಂಡು ಅಂಥದೇ ಚರ್ಮ ಹೊದಿಸಿ ಹೊಲಿದದ್ದು.

ಹೊಡೆತದ ವೇಗ ಗಂಟೆಗೆ 100 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 27.8 ಮೀಟರ್ ಆಯಿತು. ವೃತ್ತದ ಅಂಚಿನಿಂದ ಗೋಲಿಗೆ ಬರಲು ಚೆಂಡಿಗೆ ಬೇಕಾದ ಸಮಯ 14.63 ಭಾಗಿಸು 27.8, ಅಂದರೆ ಸುಮಾರು 0.53 ಸೆಕೆಂಡ್. ಕಣ್ಣು ಕಂಡದ್ದನ್ನು ಮಿದುಳು ತಿಳಿದು ಕೈಕಾಲಿಗೆ ಆಜ್ಞೆ ಕೊಡಲು ಸುಮಾರು 0.2 ಸೆಕೆಂಡ್ ಹಿಡಿಯುತ್ತದೆ. ಉಳಿದದ್ದು 0.33 ಸೆಕೆಂಡ್. ಅಷ್ಟರಲ್ಲಿ ಗೋಲಿನ ನಡುವಿನಿಂದ ಒಂದು ಕಂಬದವರೆಗೆ, 1.83 ಮೀಟರ್ ದೂರ, ಮೈ ಚಾಚಬೇಕು.

ಹಾಗಾದರೆ ಕೀಪರ್ ಏನು ಮಾಡುತ್ತಾನೆ? ಗೆರೆಯ ಮೇಲೆ ನಿಲ್ಲದೆ ಮುಂದೆ ಬರುತ್ತಾನೆ. ಮೂರು ಮೀಟರ್ ಮುಂದೆ ಬಂದನೆನ್ನಿ. ನೀವು ಹತ್ತನೆಯ ತರಗತಿಯಲ್ಲಿ ಕಲಿತ ಸಮರೂಪ ತ್ರಿಭುಜಗಳ ನಿಯಮದಂತೆ, ಈಗ ಅವನು ಕಾಯಬೇಕಾದ ಅಗಲ 3.66ರಿಂದ ಸುಮಾರು 2.91 ಮೀಟರ್‌ಗೆ ಇಳಿಯಿತು. ಇದು ಲಾಭ. ಆದರೆ ಚೆಂಡು ಅವನನ್ನು ಮುಟ್ಟಲು ಈಗ 0.42 ಸೆಕೆಂಡ್ ಸಾಕು. ಮಿದುಳಿನ ಪಾಲು ಕಳೆದರೆ ಉಳಿಯುವುದು 0.22 ಸೆಕೆಂಡ್. ಇದು ನಷ್ಟ. ಎಷ್ಟು ಮುಂದೆ ಬರಬೇಕು, ಯಾವಾಗ ಬರಬೇಕು ಎಂಬುದೇ ಆ ವಿದ್ಯೆಯ ಗುಟ್ಟು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡಲು ನಮಗೆ ಐದು ನಿಮಿಷ ಬೇಕು. ಬ್ಯಾಂಡಿನಿಂದ ಬಂದ ಸಿಪಾಯಿ ಅದನ್ನು ಕಾಲಿನಿಂದಲೇ ಮಾಡುತ್ತಿದ್ದ.

ಅದೂ ಹೇಗೆ? ಕಾಲಿಗೆ ಪ್ಯಾಡು, ಕೈಗೆ ಕೈಗವಸು, ಅಷ್ಟೇ. ಇಂದಿನ ಗೋಲ್‌ಕೀಪರ್‌ಗಳಿಗಿರುವ ಹೆಲ್ಮೆಟ್ಟು, ಎದೆಗಾಪು ಯಾವುದೂ ಆಗ ಇರಲಿಲ್ಲ. ಮುಖ ಬರಿದು. ನೆಲ ಹುಲ್ಲಿನದು, ಒಂದು ಸಣ್ಣ ಉಬ್ಬು ಸಿಕ್ಕಿದರೆ ನೆಲದಲ್ಲಿ ಬರುತ್ತಿದ್ದ ಚೆಂಡು ಹಲ್ಲಿಗೆ ಹಾರಬಹುದು.

ಸೋಲಿನ ಒಂದು, ಗೆಲುವಿನ ಒಂದು

1960ರ ಸೆಪ್ಟೆಂಬರ್ 9, ರೋಮ್. ಭಾರತ ಲೆಸ್ಲಿ ಕ್ಲಾಡಿಯಸ್ ನಾಯಕತ್ವದಲ್ಲಿ ಆಡಿತು. ಮೊದಲಾರ್ಧದಲ್ಲಿ ಪಾಕಿಸ್ತಾನದ ನಸೀರ್ ಅಹ್ಮದ್ ಒಂದು ಗೋಲು ಹೊಡೆದರು. ಅದನ್ನು ಸರಿಗಟ್ಟಲು ಭಾರತಕ್ಕೆ ಆಗಲಿಲ್ಲ. 1928ರಿಂದ ಒಂದೂ ಒಲಿಂಪಿಕ್ ಪಂದ್ಯ ಸೋಲದಿದ್ದ ತಂಡ ಅಂದು ಸೋತಿತು. ಆ ಕೂಟದ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯದ ಮೇಲೆ, ಸೆಮಿಫೈನಲ್‌ನಲ್ಲಿ ಬ್ರಿಟನ್ ಮೇಲೆ ಭಾರತ 1-0ರಿಂದಲೇ ಗೆದ್ದಿತ್ತು. ಹಿಂದಿನ 14, 16 ಗೋಲುಗಳ ಕಾಲ ಮುಗಿದಿತ್ತು. ಜಗತ್ತು ಹಾಕಿ ಕಲಿತಿತ್ತು. ಆದರೂ ಜನರಿಗೆ ಕಂಡದ್ದು ಆ ಒಂದು ಗೋಲು ಮಾತ್ರ. ಗೋಲ್‌ಕೀಪರನ ವಿಚಿತ್ರ ವಿಧಿ ಇದು: ಅವನ ತಡೆಗಳು ಲೆಕ್ಕಕ್ಕೆ ಬರುವುದಿಲ್ಲ, ಬಿಟ್ಟದ್ದು ಮಾತ್ರ ಹೆಸರು ಪಡೆಯುತ್ತದೆ.

ಈ ನಡುವೆ ಏಷ್ಯನ್ ಕ್ರೀಡಾಕೂಟದ ಕಥೆಯೂ ನಡೆಯುತ್ತಿತ್ತು. ಅಲ್ಲಿ ಹಾಕಿ ಸೇರಿದ್ದು 1958ರ ಟೋಕಿಯೊ ಕೂಟದಲ್ಲಿ. ಭಾರತ, ಪಾಕಿಸ್ತಾನ 0-0 ಸಮ ಮಾಡಿಕೊಂಡವು; ಗೋಲುಗಳ ಲೆಕ್ಕದಲ್ಲಿ ಚಿನ್ನ ಪಾಕಿಸ್ತಾನಕ್ಕೆ ಹೋಯಿತು. 1962ರ ಜಕಾರ್ತಾ ಫೈನಲ್‌ನಲ್ಲಿ ಪಾಕಿಸ್ತಾನ 2-0ರಿಂದ ಗೆದ್ದಿತು. ಎರಡೂ ಬೆಳ್ಳಿಗಳು ಶಂಕರ್ ಲಕ್ಷ್ಮಣ್ ಅವರ ಪಾಲಿಗೂ ಬಂದವು.

ನಂತರ ಬಂದದ್ದು 1964ರ ಅಕ್ಟೋಬರ್ 23. ಮತ್ತೆ ಟೋಕಿಯೊ, ಈ ಬಾರಿ ಒಲಿಂಪಿಕ್ಸ್. ಚರಣ್‌ಜಿತ್ ಸಿಂಗ್ ನಾಯಕ. ದ್ವಿತೀಯಾರ್ಧದಲ್ಲಿ ಸಿಕ್ಕಿದ ಪೆನಾಲ್ಟಿ ಸ್ಟ್ರೋಕನ್ನು ಮೊಹಿಂದರ್ ಲಾಲ್ ಗೋಲಾಗಿಸಿದರು. ಅಲ್ಲಿಂದ ಕೊನೆಯವರೆಗೆ ಪಾಕಿಸ್ತಾನದ ದಾಳಿ ಅಲೆಯ ಮೇಲೆ ಅಲೆಯಾಗಿ ಬಂತು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಚಿನ್ನ ಮರಳಿತು. ದೇಶ ಎರಡು ವರ್ಷದ ಹಿಂದೆ ಚೀನಾ ಯುದ್ಧದ ಪೆಟ್ಟು ತಿಂದಿತ್ತು, ಅದೇ ಮೇ ತಿಂಗಳಲ್ಲಿ ನೆಹರೂ ಅವರನ್ನು ಕಳೆದುಕೊಂಡಿತ್ತು. ಅಂಥ ವರ್ಷದಲ್ಲಿ ಬಂದ ಸಂತೋಷ ಅದು. ಶಂಕರ್ ಲಕ್ಷ್ಮಣ್ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು.

1966ರಲ್ಲಿ ಬ್ಯಾಂಕಾಕ್ ಏಷ್ಯನ್ ಕೂಟಕ್ಕೆ ಭಾರತ ತಂಡದ ನಾಯಕರಾಗಿ ಹೋದವರು ಅವರೇ. ಗೋಲ್‌ಕೀಪರ್ ಒಬ್ಬ ಭಾರತ ಹಾಕಿ ತಂಡದ ನಾಯಕನಾದದ್ದು ಅದೇ ಮೊದಲು. ಫೈನಲ್‌ನಲ್ಲಿ ಮತ್ತೆ ಪಾಕಿಸ್ತಾನ, ಮತ್ತೆ 1-0. ಏಷ್ಯನ್ ಕೂಟದ ಹಾಕಿಯಲ್ಲಿ ಭಾರತದ ಮೊದಲ ಚಿನ್ನ ಅದು. 1967ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

1968ರ ಮೆಕ್ಸಿಕೊ ಒಲಿಂಪಿಕ್ ತಂಡದಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಭಾರತ ಕಂಚಿನೊಂದಿಗೆ ಮರಳಿತು. 1979ರಲ್ಲಿ ಶಂಕರ್ ಲಕ್ಷ್ಮಣ್ ಕ್ಯಾಪ್ಟನ್ ಹುದ್ದೆಯಲ್ಲಿ ಸೇನೆಯಿಂದ ನಿವೃತ್ತರಾಗಿ ಮಹೂಗೆ ಹೋದರು. ಕೊನೆಗಾಲದಲ್ಲಿ ಕಾಲಿಗೆ ಗ್ಯಾಂಗ್ರೀನ್ ಆಯಿತು. ಬಡತನವೂ ಜೊತೆಗಿತ್ತು. 2006ರ ಏಪ್ರಿಲ್ 29ರಂದು ತೀರಿಕೊಂಡರು. ಮೂರು ಒಲಿಂಪಿಕ್ ಫೈನಲ್‌ಗಳನ್ನು ಕಾಯ್ದ ಕಾಲು ಅದು ಎಂಬುದನ್ನು ನೀವು ಒಂದು ಕ್ಷಣ ಯೋಚಿಸಬೇಕು.

ನೆಲ ಬದಲಾಯಿತು

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಲಾಯಿತು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಕೃತಕ ನೆಲದಲ್ಲಿ ಉಬ್ಬುತಗ್ಗಿಲ್ಲ. ಚೆಂಡು ನೇರವಾಗಿ, ವೇಗವಾಗಿ ಓಡುತ್ತದೆ. ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಓಡುವ ನಮ್ಮ ಕೈಚಳಕಕ್ಕಿಂತ ದೂರದ ಪಾಸು, ಕಾಲಿನ ಕಸುವು ಹೆಚ್ಚು ಕೆಲಸಕ್ಕೆ ಬಂದವು. ಜೊತೆಗೆ ಅದು ದುಬಾರಿ ನೆಲ. ಅಂಥ ಮೈದಾನಗಳು ನಮ್ಮಲ್ಲಿ ಬಹುಕಾಲ ಬೆರಳೆಣಿಕೆಯಷ್ಟೇ ಇದ್ದವು. 1980ರ ಮಾಸ್ಕೊ ಚಿನ್ನದ ನಂತರ ಮುಂದಿನ ಒಲಿಂಪಿಕ್ ಪದಕಕ್ಕೆ ಭಾರತ 41 ವರ್ಷ ಕಾಯಬೇಕಾಯಿತು. ಟೋಕಿಯೊದಲ್ಲಿ 2021ರಲ್ಲಿ, ಪ್ಯಾರಿಸ್‌ನಲ್ಲಿ 2024ರಲ್ಲಿ ಕಂಚು ಬಂತು. ಎರಡರಲ್ಲೂ ಗೋಲ್‌ಕೀಪರ್ ಕೇರಳದ ಪಿ.ಆರ್. ಶ್ರೀಜೇಶ್. ಏಷ್ಯನ್ ಕೂಟದಲ್ಲಿ 1966ರ ನಂತರದ ಚಿನ್ನ ಬಂದದ್ದು 1998ರಲ್ಲಿ, ಅದೇ ಬ್ಯಾಂಕಾಕ್‌ನಲ್ಲಿ. ದಕ್ಷಿಣ ಕೊರಿಯ ಎದುರಿನ ಫೈನಲ್ ಟೈಬ್ರೇಕರ್‌ಗೆ ಹೋದಾಗ ಗೋಲು ಕಾಯ್ದವರು ನಮ್ಮ ಕರ್ನಾಟಕದ ಆಶಿಶ್ ಬಲ್ಲಾಳ್.

ಕರ್ನಾಟಕದ ಹಾಕಿ ಎಂದರೆ ನಾವು ಕೊಡಗನ್ನು ನೆನೆಯುತ್ತೇವೆ, ಅದು ನ್ಯಾಯವೇ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅಲ್ಲಿಯವರು. 1997ರಿಂದ ಕೊಡವ ಮನೆತನಗಳ ನಡುವೆ ಹಾಕಿ ಉತ್ಸವವೇ ನಡೆಯುತ್ತಿದೆ. ಅಲ್ಲಿಯೂ ಸೇನೆಯ ನಂಟಿತ್ತು. ಆದರೆ ಆಟ ಸೇನೆಯಿಂದ ಮನೆಯಂಗಳಕ್ಕೆ ಇಳಿಯಿತು. ಬೆಳಗಾವಿಯ ಕ್ಯಾಂಪಿನಿಂದ ನಿಮ್ಮ ಐದು ಊರುಗಳ ಕಡೆಗೆ ಅದು ಆ ಪ್ರಮಾಣದಲ್ಲಿ ಏಕೆ ಇಳಿಯಲಿಲ್ಲ? ನಿಮ್ಮ ಜಾತ್ರೆಗಳಲ್ಲಿ ಕುಸ್ತಿ ಇದೆ, ಶಾಲೆಗಳಲ್ಲಿ ಕಬಡ್ಡಿ, ಖೋಖೋ ಇದೆ. ನನಗೆ ತೋಚುವ ಒಂದು ಕಾರಣ ಕಾಲ ಕೆಳಗೇ ಇದೆ. ಕೃಷ್ಣಾ ದಂಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ. ಕಬ್ಬಿಗೆ ಒಳ್ಳೆಯದು, ಉರುಳುವ ಚೆಂಡಿಗೆ ಅಲ್ಲ. ಗರಡಿಗೆ ಒಂದು ಕೋಣೆಯಷ್ಟು ಕೆಮ್ಮಣ್ಣು ತಂದು ಹಾಕಿದರೆ ಸಾಕು. ಹಾಕಿಗೆ ಒಂದೂಕಾಲು ಎಕರೆಗೂ ಹೆಚ್ಚು ಸಮತಟ್ಟು ನೆಲ ಬೇಕು. ಇದು ಕೇವಲ ನನ್ನ ಊಹೆ. ಒಪ್ಪದಿದ್ದರೆ ಬೇರೆ ಕಾರಣ ಹುಡುಕಿ, ಪುರಾವೆ ಕೊಡಿ. ಇತಿಹಾಸ ಕಲಿಯುವುದೆಂದರೆ ಅದೇ.

ನಡೆಯದ್ದನ್ನು ಲೆಕ್ಕ ಹಾಕುವುದು

ದೂರದರ್ಶನಕ್ಕೆ ಕಾರ್ಯಕ್ರಮ ಮಾಡುವ ನನ್ನಂಥವರಿಗೆ ಗೋಲು ತೋರಿಸುವುದು ಸುಲಭ. ಎರಡು ನಿಮಿಷದ ಮುಖ್ಯಾಂಶಗಳಿಗೆ ಚಿತ್ರ ಕತ್ತರಿಸುವಾಗ ಮೊದಲು ಉಳಿಯುವುದು ಗೋಲು, ಮೊದಲು ಹೋಗುವುದು ಗೋಲಾಗದೆ ಉಳಿದ ಹೊಡೆತ. ಪಠ್ಯಪುಸ್ತಕಗಳೂ ಹೀಗೆಯೇ ಕತ್ತರಿಸುತ್ತವೆ.

ಬೆಳಗಾವಿಯಲ್ಲೇ ಇದಕ್ಕೆ ಇನ್ನೊಂದು ಉದಾಹರಣೆ ಇದೆ. ತಿಲಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದ ಹೆಸರು ಕೇಳಿದ್ದೀರಲ್ಲ? ಸಿಡುಬಿಗೆ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. 1980ರಲ್ಲಿ, ಭಾರತ ಹಾಕಿಯಲ್ಲಿ ಎಂಟನೆಯ ಚಿನ್ನ ಗೆದ್ದ ವರ್ಷವೇ, ಜಗತ್ತಿನಿಂದ ಸಿಡುಬು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಸಿಡುಬಿನಿಂದ ಸತ್ತವರ ಲೆಕ್ಕ ದಾಖಲೆಗಳಲ್ಲಿದೆ. ಲಸಿಕೆಯಿಂದ ಬದುಕಿದವರ ಪಟ್ಟಿ ಎಲ್ಲೂ ಇಲ್ಲ. ನಿಮ್ಮ ಅಜ್ಜಿಯ ತೋಳಿನ ಮೇಲಿನ ಗುರುತು ಅಂಥ ಒಂದು ಸೊನ್ನೆಯ ಸಹಿ.

ಗಡಿ ಕಾಯುವವನು, ಲಸಿಕೆ ಹಾಕುವ ದಾದಿ, ರೈಲು ಬರುವ ಮೊದಲು ಹಳಿ ನೋಡಿಕೊಂಡು ನಡೆಯುವ ನೌಕರ, ಗೋಲ್‌ಕೀಪರ್: ಇವರೆಲ್ಲ ಒಂದೇ ಪಂಗಡದವರು. ಕೆಲಸ ಸರಿಯಾಗಿ ಮಾಡಿದ ದಿನ ಏನೂ ಆಗುವುದಿಲ್ಲ, ಆದ್ದರಿಂದ ಯಾರೂ ಗಮನಿಸುವುದಿಲ್ಲ. ಗಮನಿಸದ್ದನ್ನು ಸಮಾಜ ಬೇಗ ಮರೆಯುತ್ತದೆ. ಮರೆತವರಿಗೆ ಔಷಧಿಯ ಖರ್ಚು ಕೊಡುವುದನ್ನೂ ಮರೆಯುತ್ತದೆ. ಮಹೂವಿನಲ್ಲಿ 2006ರಲ್ಲಿ ಆದದ್ದು ಇದೇ.

ಆದ್ದರಿಂದ ನಿಮಗೊಂದು ಕೆಲಸ. ಚಿಕ್ಕೋಡಿಯಿರಲಿ, ನಿಪ್ಪಾಣಿಯಿರಲಿ, ರಾಯಬಾಗ, ಅಥಣಿ, ಕಾಗವಾಡ ಯಾವುದೇ ಇರಲಿ, ನಿಮ್ಮ ಊರಿನ ಒಬ್ಬ ನಿವೃತ್ತ ಸೈನಿಕರನ್ನು ಭೇಟಿ ಮಾಡಿ. ಮನೆಮಾತು ಕನ್ನಡವಾದರೂ ಸರಿ, ಮರಾಠಿಯಾದರೂ ಸರಿ. ‘ಅಜ್ಜಾ, ಪಲ್ಟನ್ನಿನಲ್ಲಿ ಯಾವ ಆಟ ಆಡುತ್ತಿದ್ದಿರಿ? ಯಾರ ಜೊತೆ ಆಡಿದಿರಿ? ಮೈದಾನ ಹೇಗಿತ್ತು?’ ಎಂದು ಕೇಳಿ. ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆದುಕೊಳ್ಳಿ. ಅವರ ಬಳಿ ಹಳೆಯ ಫೋಟೋ ಇದ್ದರೆ ಅದರಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಬರೆಸಿಕೊಳ್ಳಿ. ಹೆಸರು ಹೇಳಬಲ್ಲವರು ಹೋದ ಮೇಲೆ ಫೋಟೋ ಬರಿಯ ಕಾಗದವಾಗುತ್ತದೆ. ನಂತರ ಅದನ್ನು ನಿಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡಿ.

ಮುಂದೆ ಯಾವುದಾದರೂ ಹಾಕಿ ಪಂದ್ಯದ ಫಲಿತಾಂಶ ಓದುವಾಗ 1-0 ಎಂದು ಕಂಡರೆ, ‘ಒಂದು’ ಯಾರದ್ದು ಎಂದು ಪತ್ರಿಕೆಯೇ ಹೇಳುತ್ತದೆ. ‘ಸೊನ್ನೆ’ ಯಾರದ್ದು ಎಂದು ನೀವು ಕೇಳಿ.